ಎರಡು ಟಿಟ್ಟಿಭಗಳು, ಒಂದು ಗೋಮಾಳ



ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು ಕೆಲವರು ಸೇರಿ, ಬರುವ ಮಳೆಗಾಲದಲ್ಲಿ ಊರಿನ ಗೋಮಾಳದಲ್ಲಿ ಐನೂರು ಸಸಿಗಳನ್ನು ನೆಡುವ ಸಂಕಲ್ಪ ಮಾಡಿರುವುದಾಗಿ ನನಗೆ ಪತ್ರ ಬರೆದಿದ್ದಾರೆ. ಬೆಂಗಳೂರಿನಲ್ಲಿಯೂ ದೂರದ ದೇಶಗಳಲ್ಲಿಯೂ ನೆಲೆಸಿರುವ ಮಕ್ಕಳು ಹುಟ್ಟಿದೂರನ್ನು ನೆನೆದು ಹಣ ಕೂಡಿಸುತ್ತಿರುವುದು ಮೇಷ್ಟರಾದವನಿಗೆ ಸಂತೋಷದ ಸಂಗತಿಯೇ ಸರಿ. ಆ ಸಂತೋಷವನ್ನು ಮೊದಲೇ ಹೇಳಿಬಿಟ್ಟು, ಮುಂದಿನ ಮಾತನ್ನು ನಿಷ್ಠುರವಾಗಿ ಹೇಳಲು ನಿಮ್ಮ ಅನುಮತಿ ಬೇಡುತ್ತೇನೆ. ಸಸಿಗಳನ್ನು ನೆಡಿ, ಗೋಮಾಳದಲ್ಲಿ ಮಾತ್ರ ಬೇಡ. ಪತ್ರದಲ್ಲಿ 'ಏನೂ ಇಲ್ಲದೆ ಖಾಲಿ ಬಿದ್ದಿರುವ ಜಾಗ' ಎಂಬ ಮಾತೊಂದಿದೆ. ನನ್ನ ತಕರಾರು ಇರುವುದು ಆ ಮಾತಿನ ಬಗೆಗೆ. ಅದನ್ನು ವಿವರಿಸಲು ನಮ್ಮ ನೆಲದ ಎರಡು ಹಕ್ಕಿಗಳ ಕಥೆಯನ್ನು ಹೇಳಬೇಕಾಗಿದೆ.

ಟಿಟ್ಟಿಭವನ್ನು ಕಾಣದವರು, ಕಾಣದಿದ್ದರೂ ಅದರ ಕೂಗನ್ನು ಕೇಳದವರು ನಮ್ಮಲ್ಲಿ ವಿರಳ. ಕೆರೆಯಂಗಳದಲ್ಲಿ ಹಗಲು ರಾತ್ರಿಯೆನ್ನದೆ ಕಿರುಚುತ್ತ, ಮನುಷ್ಯನಾಗಲಿ ನಾಯಿಯಾಗಲಿ ಬಂದೊಡನೆ ಊರಿಗೆಲ್ಲ ಸುದ್ದಿ ಮುಟ್ಟಿಸುವ ಹಕ್ಕಿಯದು. ಇಂಗ್ಲಿಷರ ಕಿವಿಗೆ ಅದರ ಕೂಗು 'ಡಿಡ್ ಹೀ ಡೂ ಇಟ್' ಎಂದು ಕೇಳಿಸಿತಂತೆ. ನಮ್ಮ ಹಿರಿಯರ ಕಿವಿಗೆ ಟಿಟ್ಟಿ ಟಿಟ್ಟಿ ಎಂದು ಕೇಳಿ, ಸಂಸ್ಕೃತದಲ್ಲಿ ಟಿಟ್ಟಿಭವಾಯಿತು. ಆದರೆ ನಮ್ಮ ಬಯಲುಸೀಮೆಯಲ್ಲಿ ಟಿಟ್ಟಿಭಗಳು ಎರಡು ಬಗೆ. ಒಂದು ಕೆಂಪು ಟಿಟ್ಟಿಭ, ಇನ್ನೊಂದು ಹಳದಿ ಟಿಟ್ಟಿಭ. ಮೊದಲನೆಯದನ್ನು ಎಲ್ಲರೂ ಬಲ್ಲರು; ಎರಡನೆಯದನ್ನು ಕುರಿ ಕಾಯುವವರೂ ಪಕ್ಷಿವೀಕ್ಷಕರೂ ಬಿಟ್ಟರೆ ಗುರುತಿಸುವವರು ಕಡಿಮೆ.

ಇವೆರಡೂ ಒಂದೇ ಕುಲಕ್ಕೆ ಸೇರಿದವು. ವಿಜ್ಞಾನಿಗಳು ಕೆಂಪನ್ನು ವ್ಯಾನೆಲಸ್ ಇಂಡಿಕಸ್ ಎಂದೂ ಹಳದಿಯನ್ನು ವ್ಯಾನೆಲಸ್ ಮಲಬಾರಿಕಸ್ ಎಂದೂ ಕರೆಯುತ್ತಾರೆ. ಎರಡಕ್ಕೂ 1783ರಲ್ಲಿ ಹೆಸರಿಟ್ಟವನು ಬೊಡಾರ್ಟ್ ಎಂಬ ಡಚ್ ವಿದ್ವಾಂಸ. ಈ ಹೆಸರುಗಳಲ್ಲಿ ಒಂದು ವಿನೋದವಿದೆ. 'ಇಂಡಿಕಸ್' ಎನಿಸಿಕೊಂಡ ಕೆಂಪು ಟಿಟ್ಟಿಭ ಇರಾಕಿನಿಂದ ಹಿಡಿದು ಆಗ್ನೇಯ ಏಷ್ಯಾದವರೆಗೂ ಹರಡಿದೆ. 'ಮಲಬಾರಿಕಸ್' ಎನಿಸಿಕೊಂಡ ಹಳದಿಯದು ಭಾರತ ಉಪಖಂಡವನ್ನು ಬಿಟ್ಟು ಹೊರಗೆ ನೆಲೆಯಿಲ್ಲ. ಭಾರತದ ಹೆಸರು ಒಂದಕ್ಕೆ, ಭಾರತದ ನೆಲದ ಋಣ ಇನ್ನೊಂದಕ್ಕೆ!

ರೂಪದಲ್ಲಿ ವ್ಯತ್ಯಾಸ ಸ್ಪಷ್ಟ. ಕೆಂಪು ಟಿಟ್ಟಿಭ ಸುಮಾರು 33 ಸೆಂಟಿಮೀಟರ್ ಉದ್ದದ್ದು. ತಲೆ, ಕೊರಳು, ಎದೆ ಕಪ್ಪು. ಕಣ್ಣಿನಿಂದ ಕತ್ತಿನ ಪಕ್ಕಕ್ಕೆ ಇಳಿಯುವ ಅಗಲವಾದ ಬಿಳಿಯ ಪಟ್ಟಿ. ಕೊಕ್ಕು ಕೆಂಪು, ಅದರ ತುದಿ ಕಪ್ಪು. ಕಣ್ಣಿನ ಮುಂದೆ ಕುಂಕುಮವಿಟ್ಟಂತೆ ಕಾಣುವ ಕೆಂಪು ಮಾಂಸಲ ಚರ್ಮ. ಹಳದಿ ಟಿಟ್ಟಿಭ ಅದಕ್ಕಿಂತ ಚಿಕ್ಕದು, ಸುಮಾರು 27 ಸೆಂಟಿಮೀಟರ್. ಮೈಯೆಲ್ಲ ಒಣಗಿದ ಮಣ್ಣಿನ ಬಣ್ಣ. ನೆತ್ತಿಯ ಮೇಲೆ ಕಪ್ಪು ಟೋಪಿ, ಟೋಪಿಯ ಅಂಚಿಗೆ ಬಿಳಿಯ ಗೆರೆ, ಕೊಕ್ಕಿನ ಬುಡದಿಂದ ಇಳಿಬಿದ್ದ ಅರಿಶಿನದ ಬಣ್ಣದ ಚರ್ಮ. ಕಾಲುಗಳು ಮಾತ್ರ ಎರಡಕ್ಕೂ ಹಳದಿಯೇ, ಎರಡಕ್ಕೂ ಉದ್ದವೇ.

ರೂಪಕ್ಕಿಂತ ಮುಖ್ಯವಾದುದು ಅವುಗಳ ಬಾಳುವೆಯ ಭೇದ. ಕೆಂಪು ಟಿಟ್ಟಿಭಕ್ಕೆ ನೀರಿನ ಆಸರೆ ಇಷ್ಟ. ಕೆರೆ, ಕಾಲುವೆ, ಗದ್ದೆ, ತೋಟದ ಅಂಚು, ಕೊಳಚೆ ನೀರಿನ ಮಡು, ಯಾವುದಾದರೂ ಆದೀತು. ಮನುಷ್ಯನ ಸಹವಾಸಕ್ಕೆ ಅದು ಹೊಂದಿಕೊಂಡಿದೆ. ರೈಲು ಹಳಿಗಳ ನಡುವಿನ ಜಲ್ಲಿಯಲ್ಲಿ, ಕಟ್ಟಡಗಳ ತಾರಸಿಯ ಮೇಲೆ ಮೊಟ್ಟೆಯಿಟ್ಟ ನಿದರ್ಶನಗಳನ್ನು ಪಕ್ಷಿತಜ್ಞರು ದಾಖಲಿಸಿದ್ದಾರೆ. ನಾವು ಊರು ಕಟ್ಟಿದರೂ ತೋಟ ಮಾಡಿದರೂ ಕಾಲುವೆ ತೋಡಿದರೂ ಅದು ತನ್ನ ಪಾಲನ್ನು ಹೇಗೋ ಪಡೆದುಕೊಳ್ಳುತ್ತದೆ. ನಿಮ್ಮಲ್ಲಿ ಎಲ್ಲಿಗೆ ಹೋದರೂ ಬದುಕಿಕೊಳ್ಳುವ ಜಾಣರಿದ್ದಾರಲ್ಲ, ಅಂಥ ಸ್ವಭಾವದ್ದು.

ಹಳದಿ ಟಿಟ್ಟಿಭದ ಬಯಕೆ ಬೇರೆ. ಅದಕ್ಕೆ ಬೇಕಾದದ್ದು ಒಣನೆಲ. ಗಿಡ್ಡ ಹುಲ್ಲು, ನೊರಜುಗಲ್ಲು, ಅಲ್ಲಲ್ಲಿ ಬರಿಯ ಮಣ್ಣು, ನಾಲ್ಕೂ ದಿಕ್ಕಿಗೆ ಕಣ್ಣು ಹರಿಯುವಷ್ಟು ತೆರಪು. ಗೋಮಾಳ, ಕಾವಲು, ಉಳದೆ ಬಿಟ್ಟ ಹೊಲ. ಯಾವುದನ್ನು ನಾವು 'ಏನೂ ಇಲ್ಲದ ಜಾಗ' ಎನ್ನುತ್ತೇವೆಯೋ ಅದೇ ಅದಕ್ಕೆ ಸಕಲವೂ ಇರುವ ಜಾಗ. ಅಂಥ ನೆಲ ಹೋದರೆ ಕೆರೆಯಂಚಿಗೋ ತಾರಸಿಗೋ ಅದು ಒಗ್ಗಿಕೊಳ್ಳುವುದಿಲ್ಲ.

ಇವೆರಡೂ ನೆಲದ ಮೇಲೆಯೇ ಬಾಳುವ ಹಕ್ಕಿಗಳು. ಕೊಂಬೆಯನ್ನು ಬಿಗಿಯಾಗಿ ಹಿಡಿಯಬಲ್ಲ ಹಿಂಬೆರಳು ಇವುಗಳ ಪಾದಕ್ಕಿಲ್ಲ. ಓಡುವುದಕ್ಕೆ ಹೇಳಿಮಾಡಿಸಿದ ಕಾಲು ಅದು. ಮರವೇರದ ಈ ಹಕ್ಕಿ ರಾತ್ರಿ ಅಂಗಾತ ಮಲಗಿ, ಆಕಾಶ ಕಳಚಿ ಬೀಳದಂತೆ ಕಾಲುಗಳಿಂದ ಎತ್ತಿ ಹಿಡಿಯುತ್ತದೆ ಎಂಬ ನಂಬಿಕೆ ನಮ್ಮ ದೇಶದಲ್ಲಿ ಬಹು ಹಳೆಯದು. ಕಥೆ ಸುಳ್ಳೇ ಇರಬಹುದು. ಆದರೂ ನೆಲದ ಮೇಲಿನ ಹಕ್ಕಿಗೆ ತಲೆಯ ಮೇಲೆ ಬರಿಯ ಆಕಾಶವಿರಬೇಕು ಎಂಬುದನ್ನು ಕಥೆ ಕಟ್ಟಿದವರು ಗಮನಿಸಿದ್ದರು.

ಗೂಡು ಎಂಬ ಮಾತನ್ನು ಇವುಗಳ ವಿಷಯದಲ್ಲಿ ಉಪಚಾರಕ್ಕಷ್ಟೇ ಬಳಸಬೇಕು. ನೆಲದಲ್ಲೊಂದು ಸಣ್ಣ ತಗ್ಗು, ಸುತ್ತ ಕೆಲವು ಹರಳುಕಲ್ಲು, ಅದರಲ್ಲಿ ಸಾಮಾನ್ಯವಾಗಿ ನಾಲ್ಕು ಮೊಟ್ಟೆ. ಮಣ್ಣಿನ ಬಣ್ಣದ ಮೇಲೆ ಕಪ್ಪು ಚುಕ್ಕೆಗಳು. ನಾನು ಸೇವೆಯಲ್ಲಿದ್ದಾಗ ಒಂದು ಏಪ್ರಿಲ್ ತಿಂಗಳಿನಲ್ಲಿ ಏಳನೆಯ ತರಗತಿಯ ಮಕ್ಕಳೊಡನೆ ಇದೇ ಗೋಮಾಳದಲ್ಲಿ ನಡೆಯುತ್ತಿದ್ದೆ. ಕುರಿ ಕಾಯುವ ಮನೆಯಿಂದ ಬಂದ ಹುಡುಗನೊಬ್ಬ, ತರಗತಿಯಲ್ಲಿ ತುಟಿ ಬಿಚ್ಚದವನು, ಇದ್ದಕ್ಕಿದ್ದಂತೆ ಕೂಗಿದ: "ಸಾ, ಅಲ್ಲೇ ನಿಂತ್ಕಳಿ! ಕಾಲ್ ಹತ್ರಾನೇ ಮೊಟ್ಟೆ ಅವೆ." ಎಲ್ಲರೂ ನಿಂತೆವು. ನಲವತ್ತು ಜೊತೆ ಕಣ್ಣುಗಳು ಹುಡುಕಿದರೂ ಮೊಟ್ಟೆ ಕಾಣಲೊಲ್ಲದು. ಕೊನೆಗೆ ಅವನೇ ಬಾಗಿ ಬೆರಳು ಮಾಡಿ ತೋರಿಸಿದ ಮೇಲೆ, ಕಲ್ಲುಗಳ ನಡುವೆ ನಾಲ್ಕು 'ಕಲ್ಲು'ಗಳು ಮೊಟ್ಟೆಗಳಾಗಿ ಕಂಡವು. ತಾಯಿಹಕ್ಕಿ ಇಪ್ಪತ್ತು ಮಾರು ದೂರದಲ್ಲಿ ಎತ್ತರದ ಧ್ವನಿಯಲ್ಲಿ ಕೂಗುತ್ತ, ರೆಕ್ಕೆ ಮುರಿದಂತೆ ನಟಿಸುತ್ತ, ನಮ್ಮನ್ನು ತನ್ನತ್ತ ಸೆಳೆಯಲು ಹೆಣಗುತ್ತಿತ್ತು. ಆ ದಿನ ಪಾಠ ಹೇಳಿದವನು ಆ ಹುಡುಗ. ಇದನ್ನು ಓದುತ್ತಿರುವವರಲ್ಲಿ ಕೆಲವರಾದರೂ ಅಂದು ಅಲ್ಲಿದ್ದಿರಿ.

ಆ ಹೊತ್ತಿನಲ್ಲಿ ಬಿಸಿಲು ಎಂಥದಿರುತ್ತದೆ ಎಂಬುದನ್ನು ಬಯಲುಸೀಮೆಯವರಿಗೆ ನಾನು ಹೇಳಬೇಕಾಗಿಲ್ಲ. ಬೇರೆ ಬಹುಪಾಲು ಹಕ್ಕಿಗಳು ಮೊಟ್ಟೆಗೆ ಕಾವು ಕೊಡಲು ಕೂರುತ್ತವೆ. ನಡುಹಗಲಿನ ಟಿಟ್ಟಿಭ ಮೊಟ್ಟೆಗೆ ನೆರಳು ಕೊಡಲು ನಿಲ್ಲುತ್ತದೆ. ನೀರು ಸಿಕ್ಕರೆ ಎದೆಹೊಟ್ಟೆಗಳ ಗರಿಗಳನ್ನು ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಂಪು ಮಾಡುತ್ತದೆ. ಸುಮಾರು ನಾಲ್ಕು ವಾರ ಗಂಡುಹೆಣ್ಣುಗಳ ಈ ಪಾಳಿ ನಡೆಯಬೇಕು. ಮರಿಗಳು ಮೊಟ್ಟೆಯೊಡೆದು ಬಂದ ಕೆಲವೇ ಗಂಟೆಗಳಲ್ಲಿ ಎದ್ದು ಓಡಾಡತೊಡಗುತ್ತವೆ. 1960ರ ದಶಕದಲ್ಲಿ ಸುರೇಶ್ ಜಯಕರ್ ಮತ್ತು ಹೆಲೆನ್ ಸ್ಪರ್ವೇ ಎಂಬ ವಿಜ್ಞಾನಿಗಳು ಹಳದಿ ಟಿಟ್ಟಿಭವನ್ನು ತಾಳ್ಮೆಯಿಂದ ಅಭ್ಯಾಸ ಮಾಡಿ, ಇದು ಬೇಸಗೆಯ ಒಣ ಕಾಲದಲ್ಲಿ ಮರಿ ಮಾಡುವ ಹಕ್ಕಿಯೆಂದು ವಿವರವಾಗಿ ಬರೆದರು. ಈ ಸ್ಪರ್ವೇ, ಭಾರತವನ್ನು ತನ್ನ ದೇಶವಾಗಿ ಆರಿಸಿಕೊಂಡ ಜೆ. ಬಿ. ಎಸ್. ಹಾಲ್ಡೇನ್ ಅವರ ಪತ್ನಿ. ಕೆಂಪು ಟಿಟ್ಟಿಭ ಮಾರ್ಚಿಯಿಂದ ಆಗಸ್ಟಿನವರೆಗೂ ಮೊಟ್ಟೆಯಿಡಬಲ್ಲುದು. ಹಳದಿಯದು ಹೆಚ್ಚಾಗಿ ಮುಂಗಾರಿನ ಮುಂಚಿನ ಕೆಲವು ತಿಂಗಳುಗಳ ಸಂಸಾರ.

ಈಗ ಸಸಿ ನೆಡುವ ಕ್ರಮವನ್ನು ನೆನಪಿಸಿಕೊಳ್ಳಿ. ಜೂನ್‌ನಲ್ಲಿ ನೆಡಬೇಕಾದರೆ ಗುಂಡಿಗಳನ್ನು ಯಾವಾಗ ತೋಡುತ್ತೀರಿ? ಏಪ್ರಿಲ್, ಮೇ ತಿಂಗಳಿನಲ್ಲಿ. ಈಗ ಗುದ್ದಲಿಯಿಂದ ತೋಡುವವರೂ ಇಲ್ಲ. ಜೆಸಿಬಿ ಬರುತ್ತದೆ, ಸುತ್ತ ದನಕರು ನುಗ್ಗದಂತೆ ಟ್ರೆಂಚು ಹೊಡೆಯುತ್ತದೆ. ಯಂತ್ರ ನಡೆಸುವವನಿಗೆ ಆ ನಾಲ್ಕು 'ಕಲ್ಲು'ಗಳು ಹೇಗೆ ಕಂಡಾವು? ಮೊಟ್ಟೆಗಳ ಕಾಲಕ್ಕೂ ನಮ್ಮ ಗುಂಡಿಗಳ ಕಾಲಕ್ಕೂ ಇಷ್ಟು ಸರಿಯಾಗಿ ಕೂಡಿಬರುವುದು ದುರ್ದೈವ.

ಹಾಗಾದರೆ ಗುಂಡಿಯನ್ನು ಫೆಬ್ರವರಿಯಲ್ಲೇ ತೋಡಿದರಾಯಿತಲ್ಲ ಎಂದು ಯಾರಾದರೂ ಕೇಳಬಹುದು. ಒಂದು ವರ್ಷದ ಮೊಟ್ಟೆಗಳು ಉಳಿದಾವು. ಆದರೆ ಮರ ಬೆಳೆದ ಮೇಲೆ ಮುಂದಿನ ವರ್ಷಗಳ ಗತಿಯೇನು? ಮರ ಎಂದರೆ ಕಾಗೆಗೆ, ಹದ್ದಿಗೆ ಕೂರಲು ಅಟ್ಟಣಿಗೆ. ಎತ್ತರದಲ್ಲಿ ಕುಳಿತ ಕಾಗೆ ಕೆಳಗಿನ ಹಕ್ಕಿ ಎಲ್ಲಿಂದ ಏಳುತ್ತದೆ, ಎಲ್ಲಿ ಕೂರುತ್ತದೆ ಎಂಬುದನ್ನು ನೋಡಿಕೊಂಡರೆ ಮೊಟ್ಟೆ ಉಳಿಯುವುದು ಕಷ್ಟ. ದೂರದಿಂದ ಶತ್ರುವನ್ನು ಕಂಡು ಸದ್ದಿಲ್ಲದೆ ಗೂಡು ಬಿಟ್ಟು ಓಡುವುದೇ ನೆಲದ ಹಕ್ಕಿಯ ಉಪಾಯ; ಕಣ್ಣಿಗೆ ಪೊದೆ ಅಡ್ಡ ಬಂದರೆ ಆ ಉಪಾಯವೂ ಕೆಡುತ್ತದೆ. ಕೆಂಪು ಟಿಟ್ಟಿಭ ನಿಮ್ಮ ತೋಪಿನ ಪಕ್ಕದ ನೀರಿನ ಗುಂಡಿಗೆ ಬಂದು ನೆಲೆಸಿದರೂ ನೆಲೆಸೀತು. ಹಳದಿ ಟಿಟ್ಟಿಭ ಹೋಗುತ್ತದೆ. ಅದು ಹೋದದ್ದು ಊರಿನಲ್ಲಿ ಯಾರಿಗೂ ತಿಳಿಯುವುದಿಲ್ಲ. 'ಟಿಟ್ಟಿಭ ಇದೆಯಲ್ಲ, ಕೂಗುತ್ತಲೇ ಇದೆಯಲ್ಲ' ಎನ್ನುತ್ತಾರೆ. ಎರಡು ಬಗೆಗಳನ್ನು ಬೇರೆ ಬೇರೆಯಾಗಿ ಅರಿತುಕೊಳ್ಳಬೇಕೆಂದು ನಾನು ಇಷ್ಟು ಹಟ ಹಿಡಿಯುವುದು ಈ ಕಾರಣಕ್ಕೆ. ಒಂದರ ಗದ್ದಲದಲ್ಲಿ ಇನ್ನೊಂದರ ಗೈರುಹಾಜರಿ ಮುಚ್ಚಿಹೋಗುತ್ತದೆ.

ಇದು ನಮ್ಮ ಊರೊಂದರ ವಿಷಯವಲ್ಲ. ಉಳದ, ಬೆಳೆಯದ, ಮರವಿಲ್ಲದ ನೆಲಕ್ಕೆ ಬ್ರಿಟಿಷರ ಕಂದಾಯ ಇಲಾಖೆ ಇಟ್ಟ ಹೆಸರು 'ವೇಸ್ಟ್'. ಕಂದಾಯ ಬಾರದ ನೆಲ ಅವರ ಲೆಕ್ಕಕ್ಕೆ ವ್ಯರ್ಥ. ಅದು ಅವರ ದೃಷ್ಟಿ. ಸ್ವಾತಂತ್ರ್ಯ ಬಂದ ಮೇಲೂ ನಾವು ಆ ಶಬ್ದವನ್ನು ಬಿಡಲಿಲ್ಲ. 1985ರಲ್ಲಿ ಬಂಜರುಭೂಮಿ ಅಭಿವೃದ್ಧಿಗೆಂದೇ ರಾಷ್ಟ್ರೀಯ ಮಂಡಳಿಯೊಂದು ಸ್ಥಾಪನೆಯಾಯಿತು. 2000ದಿಂದೀಚೆಗೆ ಉಪಗ್ರಹ ಚಿತ್ರಗಳ ನೆರವಿನಿಂದ ದೇಶದ ಬಂಜರುಭೂಮಿಯ ಭೂಪಟಗಳು ಪ್ರಕಟವಾಗಿವೆ. 2019ರಲ್ಲಿಯೂ ಒಂದು ಬಂತು. ಕುರುಚಲು ನೆಲವೂ ಆ ಪಟ್ಟಿಯಲ್ಲಿ ಸೇರಿದೆ. ನಮ್ಮ ಪಹಣಿಯಲ್ಲಿ 'ಖರಾಬು' ಎಂಬ ಕಲಮೇ ಇದೆ. ಭಾಷೆಯ ಮೇಷ್ಟರಾಗಿ ನಾನು ಕಂಡುಕೊಂಡ ಸತ್ಯವೊಂದುಂಟು: ಒಂದು ವಸ್ತುವಿಗೆ ಕೆಟ್ಟ ಹೆಸರು ಅಂಟಿದರೆ ಅದನ್ನು ಕಳೆಯುವುದಕ್ಕೆ ಯಾರೂ ಸಂಕೋಚಪಡುವುದಿಲ್ಲ. 'ಹುಲ್ಲುಗಾವಲು' ಎಂದಾಗ ಹಾಳುಮಾಡಲು ಕೈ ಹಿಂಜರಿಯುತ್ತದೆ. 'ಖರಾಬು' ಎಂದಾಗ ಉದ್ಧಾರ ಮಾಡಲು ಕೈ ಮುಂದಾಗುತ್ತದೆ.

ನಮ್ಮ ಪೂರ್ವಿಕರ ಶಬ್ದಗಳು ಹೀಗಿರಲಿಲ್ಲ. ಗೋಮಾಳ, ಕಾವಲು, ಹುಲ್ಲುಬನ್ನಿ ಎಂಬ ಹೆಸರುಗಳಲ್ಲಿ ಆ ನೆಲದ ಉಪಯೋಗವೇ ಅಡಗಿದೆ. ಮೈಸೂರು ಅರಸರು ಅಮೃತಮಹಲ್ ದನಗಳಿಗಾಗಿ ಕಾವಲುಗಳನ್ನು ಕಾಯ್ದಿಟ್ಟರು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯೇ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತೆಂಬುದನ್ನು ಇತಿಹಾಸದ ಪಾಠದಲ್ಲಿ ನೀವು ಓದಿದ್ದೀರಿ. ಸಾವಿರಾರು ಎಕರೆಯ ಆ ಕಾವಲುಗಳಲ್ಲಿ ದನದ ಜೊತೆಗೆ ಕೃಷ್ಣಮೃಗ, ತೋಳ, ನೆಲಹಕ್ಕಿಗಳೂ ಉಳಿದವು. ಚಳ್ಳಕೆರೆ ತಾಲ್ಲೂಕಿನಲ್ಲಿ ಅಂಥ ಕಾವಲುಗಳ ಸಾವಿರಾರು ಎಕರೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳ ಯೋಜನೆಗಳಿಗೆ ಹೋಯಿತು. ಉಳಿದ ಕಡೆ ಸಮಾಧಾನದ ಸುದ್ದಿಯೂ ಇದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಳಿ 798 ಎಕರೆ ಹುಲ್ಲುಗಾವಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ಕಡೂರು ತಾಲ್ಲೂಕಿನ ಬಾಸೂರು ಕಾವಲಿಗೂ ಅಂಥದೇ ರಕ್ಷಣೆ ದೊರೆಯಿತು. ಇನ್ನು ಊರಿನ ಗೋಮಾಳಕ್ಕೂ ಕಾನೂನಿನ ಬೆಂಬಲವಿದೆ: ನೂರು ಜಾನುವಾರುಗಳಿಗೆ 30 ಎಕರೆಯಂತೆ ಹುಲ್ಲುಗಾವಲನ್ನು ಕಾದಿರಿಸಬೇಕೆಂಬುದು ನಮ್ಮ ಭೂಕಂದಾಯ ನಿಯಮ. ಅಂದಮೇಲೆ ಅದು ಹೇಗೆ ಖಾಲಿ ಜಾಗವಾದೀತು?

ಎದುರುವಾದಗಳನ್ನೂ ನಾನು ಬಲ್ಲೆ. ಭೂಮಿ ಬಿಸಿಯಾಗುತ್ತಿದೆ, ಮರ ನೆಟ್ಟರೆ ಇಂಗಾಲ ಹೀರುತ್ತದೆ ಎನ್ನುತ್ತೀರಿ. ನಿಜ. ಹುಲ್ಲೂ ಹೀರುತ್ತದೆ, ಬೇರುಗಳ ಮೂಲಕ ಅದನ್ನು ಮಣ್ಣಿನೊಳಗೆ ಕೂಡಿಡುತ್ತದೆ, ಅಲ್ಲಿ ಅದಕ್ಕೆ ಬೆಂಕಿಯ ಭಯವೂ ಕೊಡಲಿಯ ಭಯವೂ ಕಡಿಮೆ. ಮರವಿದ್ದರೆ ಮಳೆ ಎನ್ನುತ್ತೀರಿ. ಮಲೆನಾಡಿನ ಮಾತನ್ನು ಬಯಲುಸೀಮೆಗೆ ಹಾಗೆಯೇ ಹೊಂದಿಸಬಾರದು. ನಮ್ಮದು ಕಾಡು ಕಡಿದು ಬಯಲಾದ ನೆಲವೆಂದು ಎಲ್ಲರೂ ಭಾವಿಸಿದ್ದಾರೆ. ದಖ್ಖನಿನ ಒಣಹುಲ್ಲಿನ ಬಯಲುಗಳಲ್ಲಿ ಎಷ್ಟೋ ಕಡೆ ಮೊದಲಿನಿಂದಲೂ ಬಯಲಾಗಿಯೇ ಇದ್ದವು. ಒಣನೆಲದಲ್ಲಿ ಸಿಕ್ಕಿದ ಮರವನ್ನೆಲ್ಲ ನೆಟ್ಟ ಫಲವನ್ನು ನೀಲಗಿರಿ ತೋಪುಗಳಲ್ಲಿ ನಾವು ಕಂಡೆವು. 2017ರಲ್ಲಿ ರಾಜ್ಯ ಸರ್ಕಾರವೇ ನೀಲಗಿರಿ ನೆಡುವುದನ್ನು ನಿಷೇಧಿಸಬೇಕಾಯಿತು. ಬಳ್ಳಾರಿ ಜಾಲಿ ಕೆರೆಯಂಗಳಗಳನ್ನು ನುಂಗಿದ್ದನ್ನು ಬೇರೆ ಹೇಳಬೇಕೇ?

ಅಳಿವಿನ ಅಂಚಿನಲ್ಲಿಲ್ಲದ ಹಕ್ಕಿಗೆ ಇಷ್ಟೇಕೆ ಗೋಳು ಎಂದು ಇನ್ನೊಬ್ಬರು ಕೇಳಬಹುದು. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಎರಡೂ ಟಿಟ್ಟಿಭಗಳು ಅಪಾಯವಿಲ್ಲದ ವರ್ಗದಲ್ಲಿವೆ, ಒಪ್ಪಿದೆ. ಆದರೆ ಭಾರತದ ಪಕ್ಷಿಗಳ ಸ್ಥಿತಿಗತಿ ಕುರಿತು 2023ರಲ್ಲಿ ಪ್ರಕಟವಾದ ವರದಿ, 30 ಸಾವಿರದಷ್ಟು ಪಕ್ಷಿವೀಕ್ಷಕರು ದಾಖಲಿಸಿದ ವಿವರಗಳನ್ನು ಆಧರಿಸಿ 942 ಜಾತಿಗಳನ್ನು ಪರಿಶೀಲಿಸಿತು. ಹುಲ್ಲುಗಾವಲು, ಕುರುಚಲು ಮೊದಲಾದ ತೆರೆದ ನೆಲವನ್ನೇ ನಂಬಿದ ಹಕ್ಕಿಗಳು ಕ್ಷೀಣಿಸುತ್ತಿವೆ, ಎಲ್ಲಿ ಬೇಕಾದರೂ ಬದುಕಬಲ್ಲವು ಸುಖವಾಗಿವೆ ಎಂಬುದು ಅದರ ಸಾರಾಂಶ. ಎರ್ಲಡ್ಡು ಹಕ್ಕಿಯ ಗತಿ ನಮ್ಮ ಕಣ್ಣೆದುರಿಗಿದೆ. ರಾಣೆಬೆನ್ನೂರಿನ ಬಯಲಿನಲ್ಲಿ ಒಮ್ಮೆ ಇದ್ದ ಆ ಭವ್ಯ ಹಕ್ಕಿ ಇಂದು ಇಡೀ ರಾಜ್ಯದಲ್ಲಿ ಬೆರಳೆಣಿಕೆಗೆ ಬಂದಿದೆ. ರೋಗಿ ಹಾಸಿಗೆ ಹಿಡಿದ ಮೇಲೆಯೇ ವೈದ್ಯರನ್ನು ಕರೆಯಬೇಕೆಂಬ ನಿಯಮವೇನಿಲ್ಲ.

ಪಂಚತಂತ್ರದ ಟಿಟ್ಟಿಭ ದಂಪತಿಗಳು ನಿಮಗೆ ನೆನಪಿರಬೇಕು. ಸಮುದ್ರ ಮೊಟ್ಟೆಗಳನ್ನು ಕದ್ದಾಗ ಹಕ್ಕಿಗಳೆಲ್ಲ ಗರುಡನಿಗೆ ದೂರಿತ್ತವು. ಗರುಡ ವಿಷ್ಣುವಿಗೆ ಹೇಳಿದ. ವಿಷ್ಣು ಬಾಣ ಹೂಡಿದಾಗ ಸಮುದ್ರ ಹೆದರಿ ಮೊಟ್ಟೆಗಳನ್ನು ಹಿಂದಿರುಗಿಸಿತು. ಬಲಿಷ್ಠನೂ ದುರ್ಬಲನನ್ನು ಹಗುರವಾಗಿ ಕಾಣಬಾರದೆಂದು ಆ ಕಥೆಯನ್ನು ತರಗತಿಯಲ್ಲಿ ಹೇಳುತ್ತಿದ್ದೆ. ಈ ಸಲ ಸಮುದ್ರದ ಜಾಗದಲ್ಲಿ ಇರುವವರು ನೀವು, ಅದೂ ಸದ್ಭಾವನೆಯಿಂದ. ದೂರು ಒಯ್ಯಲು ಗರುಡನಿಲ್ಲದ ಕಾರಣ ಈ ಮುದುಕ ಬರೆಯುತ್ತಿದ್ದಾನೆ.

ನನ್ನ ಸಲಹೆ ಇಷ್ಟು. ಐನೂರು ಸಸಿಗಳಿಗೂ ಊರಿನಲ್ಲಿ ಜಾಗವಿದೆ. ಊರಿಗೆ ಬರುವ ಎರಡು ಮೈಲಿ ದಾರಿಯ ಇಕ್ಕೆಲಗಳಲ್ಲಿ ಹುಣಸೆ, ಬೇವು, ಹೊಂಗೆ ನೆಡಿ. ಸಂತೆಮಾಳಕ್ಕೆ ನೆರಳಿಲ್ಲ, ಅಲ್ಲಿ ಅರಳಿ, ಗೋಣಿ ಬೆಳೆಯಲಿ. ಆಸ್ಪತ್ರೆಯ ಆವರಣ, ಸ್ಮಶಾನದ ಬೇಲಿ, ಒಪ್ಪುವ ರೈತರ ಬದುಗಳು ಇವೆ. ಶಾಲೆಯ ಕಾಂಪೌಂಡಿನ ಉದ್ದಕ್ಕೆ ವನಮಹೋತ್ಸವದಲ್ಲಿ ನಾವು ನೆಟ್ಟ ಹೊಂಗೆಗಳು ಇಂದು ಮಕ್ಕಳಿಗೆ ನೆರಳಾಗಿವೆ. ಮನೆಗಳ ನಡುವೆ ನೆಟ್ಟ ಮರಕ್ಕೆ ನೀರೆರೆಯುವವರೂ ಸಿಗುತ್ತಾರೆ. ಗೋಮಾಳದ ಸಸಿಗೆ ಎರಡನೆಯ ಬೇಸಗೆಯಲ್ಲಿ ಯಾರು ನೀರು ಹೊರುತ್ತಾರೆ? ಗೋಮಾಳಕ್ಕೆ ಏನಾದರೂ ಮಾಡಲೇಬೇಕೆಂದಿದ್ದರೆ ಮೂರು ಕೆಲಸಗಳಿವೆ: ಅಂಚಿನಿಂದ ನುಗ್ಗುತ್ತಿರುವ ಬಳ್ಳಾರಿ ಜಾಲಿಯನ್ನು ಕೀಳಿಸಿ, ಒತ್ತುವರಿಯಾಗದಂತೆ ಸರ್ವೆ ಮಾಡಿಸಿ ಗಡಿಕಲ್ಲು ಹಾಕಿಸಿ, ಕಸ ಸುರಿಯುವುದನ್ನು ತಡೆಯಿರಿ. ಕುರಿಗಳು ಎಂದಿನಂತೆ ಮೇಯಲಿ. ಹುಲ್ಲು ಗಿಡ್ಡಗಿರುವುದು ಅವುಗಳಿಂದ.

ಹಣ ಕೊಟ್ಟವರ ಹೆಸರಿನ ಫಲಕ ಹಾಕಲು ಅಲ್ಲಿ ಮರವಿರುವುದಿಲ್ಲ, ಫೋಟೋ ತೆಗೆಸಿಕೊಳ್ಳಲು ಹಸಿರಿರುವುದಿಲ್ಲ. ಬಿಟ್ಟುಬಿಡುವುದೂ ಒಂದು ಸೇವೆ ಎಂದು ಒಪ್ಪಲು ದೊಡ್ಡ ಮನಸ್ಸು ಬೇಕು. ಅಂಥ ಮನಸ್ಸು ನಿಮ್ಮಲ್ಲಿದೆ ಎಂದು ನಂಬಿದ್ದೇನೆ. ಗುಂಡಿ ತೋಡುವ ಗುತ್ತಿಗೆಯನ್ನು ಯಾರಿಗೂ ಕೊಡುವ ಮೊದಲು ನನಗೊಂದು ಉತ್ತರ ಬರೆಯಿರಿ. ನನ್ನ ವಾದದಲ್ಲಿ ಹುರುಳಿಲ್ಲವೆನಿಸಿದರೆ ಅದನ್ನೂ ಸಂಕೋಚವಿಲ್ಲದೆ ಬರೆಯಿರಿ.